ತತ್ತಿ, ದೋಣಿ ಮತ್ತು ಕಾರ್ನೆಲಿಸ್ ಡ್ರೆಬೆಲ್

ಕಳೆದ ಡಿಸೆಂಬರಿನಲ್ಲಿ ನಾವು ಕಮಲಾಪುರದಲ್ಲಿ 18 ತತ್ತಿ ಬೇಯಿಸಿದೆವು. ತಿನ್ನೋದಕ್ಕಲ್ಲ, ಮರಿ ಮಾಡೋದಕ್ಕೆ! ನಮ್ಮ ಮಿನಿ ಪ್ರಾಜೆಕ್ಟ್ ಥರ್ಮೋಕೋಲ್ ಪೆಟ್ಟಿಗೆಯ ಇನ್‌ಕ್ಯುಬೇಟರ್. ಒಳಗೊಂದು ಬಲ್ಬು, ಒಂದು ಸೆನ್ಸರ್, ಒಂದು ರಿಲೇ. 37.5 ಡಿಗ್ರಿ ದಾಟಿದರೆ ಬಲ್ಬು ಆರಬೇಕು, ಇಳಿದರೆ ಹತ್ತಬೇಕು. ಕಲಬುರಗಿಯ ಹಾಸ್ಟೆಲ್ ರೂಮಿನಲ್ಲಿ ಚಲೋನೇ ನಡೀತು. ಆಮೇಲೆ ಹುಮನಾಬಾದ್ ರೋಡಿನ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಕೊಂಡು ಕಮಲಾಪುರದ ಗೆಳೆಯನ ಮನೆಗೆ ಒಯ್ದು, ಅವರವ್ವ ಕೂಡಿಸಿಟ್ಟಿದ್ದ ಜವಾರಿ ಕೋಳಿ ತತ್ತಿ ಇಟ್ಟೆವು. ಸೆನ್ಸರನ್ನು ಮುಚ್ಚಳದ ಸಂದಿಯ ಹತ್ತಿರ ಸಿಕ್ಕಿಸಿದ್ದೆವು. ರಾತ್ರಿಯೆಲ್ಲ ಥಂಡಿ ಗಾಳಿ ಅದಕ್ಕೇ ಬಡೀತು. ಒಳಗೆ ಇನ್ನೂ ಚಳಿ ಅದ ಅಂತ ತಿಳಿದು ಅದು ಬಲ್ಬು ಆರಿಸಲೇ ಇಲ್ಲ. ಬೆಳಿಗ್ಗೆ ಒಂದು ತತ್ತಿ ಒಡೆದು ನೋಡಿದರೆ ಬಿಳಿ ಗಟ್ಟಿಯಾಗಿತ್ತು. ಅವ್ವ ಏನೂ ಅನ್ನಲಿಲ್ಲ. ಬೈದಿದ್ದರೆ ಚಲೋ ಇತ್ತು.

ಆ ನಾಚಿಕೆಯಲ್ಲೇ, ಈ ಕೆಲಸವನ್ನು ಮೊದಲು ಸರಿಯಾಗಿ ಮಾಡಿದವರು ಯಾರು ಅಂತ ಹುಡುಕಲು ಕೂತೆವು. ಫೀಡ್‌ಬ್ಯಾಕ್ ಅಂದರೆ ನಮಗೆಲ್ಲ ಜೇಮ್ಸ್ ವಾಟ್‌ನ ಗವರ್ನರ್ ನೆನಪಾಗುತ್ತೆ. ಅವನಿಗಿಂತ ಒಂದೂವರೆ ಶತಮಾನಕ್ಕೂ ಹಿಂದೆ, ಕರೆಂಟೂ ಇಲ್ಲದ ಡಿಗ್ರಿಯೂ ಇಲ್ಲದ ಕಾಲದಲ್ಲಿ, ಒಬ್ಬ ಮನುಷ್ಯ ಬೆಂಕಿಗೆ ತನ್ನನ್ನು ತಾನೇ ಸಂಭಾಳಿಸೋದು ಕಲಿಸಿದ್ದ. ಅವನೇ ಕಾರ್ನೆಲಿಸ್ ಡ್ರೆಬೆಲ್.

ಹುಟ್ಟಿದ್ದು 1572ರಲ್ಲಿ, ಹಾಲೆಂಡಿನ ಅಲ್ಕ್‌ಮಾರ್ ಊರಲ್ಲಿ. ಸುತ್ತಮುತ್ತ ಕಾಲುವೆ, ಎಲ್ಲಿ ನೋಡಿದರೂ ದೋಣಿ. ಯೂನಿವರ್ಸಿಟಿ ಮೆಟ್ಟಿಲು ಹತ್ತಿದವನಲ್ಲ. ಹಾರ್ಲೆಮ್‌ನಲ್ಲಿ ಹೆಂಡ್ರಿಕ್ ಗೋಲ್ಟ್ಜಿಯಸ್ ಅನ್ನೋ ಹೆಸರಾಂತ ಕಲಾವಿದನ ಕೈಕೆಳಗೆ ತಾಮ್ರದ ತಗಡಿನ ಮೇಲೆ ಚಿತ್ರ ಕೊರೆಯೋದು ಕಲಿತ, ಅವನ ತಂಗಿಯನ್ನೇ ಮದುವೆಯೂ ಆದ. ಆದರೆ ಮನಸ್ಸು ಯಂತ್ರಗಳ ಕಡೆ. 1598ರಲ್ಲಿ ನೀರೆತ್ತುವ ಸಾಧನಕ್ಕೂ ಒಂದು ಗಡಿಯಾರಕ್ಕೂ ಪೇಟೆಂಟ್ ಪಡೆದ.

ಮುಂದೆ ಕೆಲವೇ ವರ್ಷದಲ್ಲಿ ಇಂಗ್ಲೆಂಡಿಗೆ ಹೋಗಿ, ಅರಸ ಒಂದನೇ ಜೇಮ್ಸ್‌ನ ಎದುರು ತಾನಾಗೇ ನಡೆಯುವ ಒಂದು ಯಂತ್ರ ಇಟ್ಟ. ಜನ ಅದನ್ನು ಮುಗಿಯದ ಚಲನೆ ಅಂದುಕೊಂಡರು. ಗುಟ್ಟು ಸರಳ: ಗಾಜಿನೊಳಗೆ ಮುಚ್ಚಿಟ್ಟ ಗಾಳಿ ಬಿಸಿಗೆ ಹಿಗ್ಗಿ ಥಂಡಿಗೆ ಕುಗ್ಗಿ ಅದನ್ನು ನಡೆಸುತ್ತಿತ್ತು. ಕಾವು ಒಂದು ವಸ್ತುವನ್ನು ಸರಿಸಬಲ್ಲದು ಅನ್ನೋ ಈ ಮಾತನ್ನು ಅವನು ಮರೆಯಲಿಲ್ಲ. ಪ್ರಾಗ್‌ನಿಂದ ಚಕ್ರವರ್ತಿ ಎರಡನೇ ರುಡಾಲ್ಫ್ ಕರೆಸಿಕೊಂಡ. 1612ರಲ್ಲಿ ಆ ಚಕ್ರವರ್ತಿ ತೀರಿಕೊಂಡ, ಡ್ರೆಬೆಲ್ ತಿರುಗಿ ಲಂಡನ್ನಿಗೆ ಬಂದ.

ರಸವಾದಿಗಳಿಗೆ ಆಗ ಒಂದು ದೊಡ್ಡ ತಾಪತ್ರಯ ಇತ್ತು. ಒಲೆ ದಿನಗಟ್ಟಲೆ ಒಂದೇ ಕಾವಿನಲ್ಲಿ ಉರೀಬೇಕು, ಹಗಲೂ ರಾತ್ರಿ ಕಾಯೋರು ಯಾರು? ಡ್ರೆಬೆಲ್ ಮಾಡಿದ್ದು ಹೀಗೆ. ಗಾಜಿನ ಪಾತ್ರೆಯಲ್ಲಿ ಆಲ್ಕೋಹಾಲ್, ಅದರ ಕೊನೆಗೆ ಯು ಆಕಾರದ ನಳಿಗೆಯಲ್ಲಿ ಪಾದರಸ, ಪಾದರಸದ ಮೇಲೆ ತೇಲುವ ಒಂದು ಕಡ್ಡಿ. ಕಾವು ಏರಿದರೆ ಆಲ್ಕೋಹಾಲ್ ಹಿಗ್ಗುತ್ತೆ, ಪಾದರಸ ಕಡ್ಡಿಯನ್ನು ಎತ್ತುತ್ತೆ, ಕಡ್ಡಿ ಹೊಗೆಯ ದಾರಿಯ ಮುಚ್ಚಳ ಮುಚ್ಚುತ್ತೆ. ಬೆಂಕಿ ಮಂದ ಆಗುತ್ತೆ. ತಣ್ಣಗಾದರೆ ಎಲ್ಲ ಉಲ್ಟಾ. ಕಡ್ಡಿಯ ಉದ್ದ ಹೆಚ್ಚುಕಡಿಮೆ ಮಾಡಿದರೆ ಅದೇ ಸೆಟ್ ಪಾಯಿಂಟ್. ಫ್ಯಾರನ್‌ಹೀಟ್‌ನ ಪಾದರಸದ ಥರ್ಮಾಮೀಟರ್ ಬಂದದ್ದು 1714ರಲ್ಲಿ. ಎಷ್ಟು ಡಿಗ್ರಿ ಅಂತ ಹೇಳೋಕೆ ಬಾರದ ಕಾಲದಲ್ಲಿ ಇವನು ಕಾವನ್ನು ಹಿಡಿದು ನಿಲ್ಲಿಸಿದ್ದ!

ಇದನ್ನೇ ಅವನು ತತ್ತಿ ಮರಿ ಮಾಡುವ ಪೆಟ್ಟಿಗೆಗೂ ಜೋಡಿಸಿದ. ಓದುವಾಗ ನಮ್ಮ ಕಿವಿ ಕೆಂಪಾದದ್ದು ಇಲ್ಲಿ. ಅವನ ಪೆಟ್ಟಿಗೆಯಲ್ಲಿ ತತ್ತಿಯ ಗೂಡಿನ ಸುತ್ತ ನೀರಿನ ಕವಚ ಇತ್ತು, ಆಲ್ಕೋಹಾಲಿನ ಪಾತ್ರೆ ಆ ನೀರಿನೊಳಗೇ ಮುಳುಗಿತ್ತು. ಗಾಳಿಯ ಮಾತಿಗೆ ಅದು ಕಿವಿ ಕೊಡುತ್ತಿರಲಿಲ್ಲ. ನೀರು ಬೇಗ ಕಾಯೋದೂ ಇಲ್ಲ, ಬೇಗ ಆರೋದೂ ಇಲ್ಲ.

ಜನಕ್ಕೆ ಅವನು ಗೊತ್ತಾದದ್ದು ಮಾತ್ರ ದೋಣಿಯಿಂದ. 1620ರ ಸುಮಾರಿಗೆ ಥೇಮ್ಸ್ ನದಿಯಲ್ಲಿ ನೀರೊಳಗೆ ಹೋಗುವ ದೋಣಿ ನಡೆಸಿದ. ಮರದ ಮೈ, ಮೇಲೆ ತೊಗಲಿನ ಹೊದಿಕೆ, ಹುಟ್ಟು ಹಾಕುವವರು ಒಳಗೆ. ಅರಸನೇ ಒಳಗೆ ಕೂತಿದ್ದ ಅನ್ನೋದು ಬರೀ ಕತೆ ಇರಬೇಕು. ಒಳಗಿನ ಗಾಳಿಯನ್ನು ತಾಜಾ ಮಾಡಲು ಅವನ ಹತ್ತಿರ ಏನೋ ದ್ರವ ಇತ್ತಂತೆ, ಮುಂದೆ ರಾಬರ್ಟ್ ಬಾಯ್ಲ್ ಅದರ ಬಗ್ಗೆ ವಿಚಾರಿಸಿ ಬರೆದಿದ್ದಾನೆ.

ನೋಡ್ರಿ, ದೋಣಿಯೂ ಅವನ ಕೈಯಲ್ಲೇ, ಥರ್ಮೋಸ್ಟಾಟೂ ಅವನ ಕೈಯಲ್ಲೇ. ಎರಡನ್ನೂ ಕೂಡಿಸುವ ಪ್ರಸಂಗ ಬರಲಿಲ್ಲ, ಉಸಿರಿನ ಚಿಂತೆಯ ಮುಂದೆ ಚಳಿ ಯಾವ ಲೆಕ್ಕ. ಇವತ್ತು ಅವನ ನಾಡಿನ ಕಾಲುವೆಗಳಲ್ಲಿ ದೋಣಿಯನ್ನೇ ಮನೆ ಮಾಡಿಕೊಂಡವರು ಇದ್ದಾರೆ. ಕ್ಯಾಬಿನ್ ಬೆಚ್ಚಗಿಡಲು ಹೀಟರ್, ಅದನ್ನು ಕಾಯಲು ಥರ್ಮೋಸ್ಟಾಟ್. ಯಾರೂ ಇಲ್ಲದಾಗಲೂ ಪೈಪಿನ ನೀರು ಹೆಪ್ಪುಗಟ್ಟದ ಹಾಗೆ ಕಾವನ್ನು ಸೊನ್ನೆಗಿಂತ ಸ್ವಲ್ಪ ಮೇಲೆ ಹಿಡಿದಿಡುವುದೂ ಉಂಟು. ಮೇ ತಿಂಗಳ ಕಲಬುರಗಿಯಲ್ಲಿ ಕೂತು ಇದನ್ನು ಓದಿದರೆ ನಗು ಬರುತ್ತೆ, ಸರಿ. ಆದರೆ ಅಲ್ಲೂ ತಪ್ಪುವುದು ನಾವು ತಪ್ಪಿದ ಕಡೆಯೇ: ಥರ್ಮೋಸ್ಟಾಟನ್ನು ಬಾಗಿಲ ಹತ್ತಿರ ಇಟ್ಟರೆ ಕ್ಯಾಬಿನ್ ಬೆಂದು ಹೋಗುತ್ತೆ, ಹೀಟರಿನ ಎದುರಿಗಿಟ್ಟರೆ ಮಲಗಿದವರು ನಡುಗುತ್ತಾರೆ.

ಡ್ರೆಬೆಲ್‌ಗೆ ಇದರಿಂದೆಲ್ಲ ದುಡ್ಡು ಆಗಲಿಲ್ಲ. ಲಾ ರೋಷೆಲ್ ಮುತ್ತಿಗೆಗೆ ಇಂಗ್ಲೆಂಡ್ ಕಳಿಸಿದ ಹಡಗುಗಳ ಜೊತೆ ಸಿಡಿಮದ್ದು ಹಿಡಿದು ಹೋದ, ಆ ದಂಡಯಾತ್ರೆಯೇ ಸೋತಿತು. ತವರದ ದ್ರಾವಣ ಕೂಡಿಸಿ ಕಡುಗೆಂಪು ಬಣ್ಣ ಮಾಡುವ ವಿಧಾನ ಅವನದೇ, ಬಣ್ಣದ ಕಾರ್ಖಾನೆ ನಡೆಸಿದವರು ಕುಫ್ಲರ್ ಮನೆತನದ ಅಳಿಯಂದಿರು. ಕೊನೆಗೆ ಲಂಡನ್ನಿನಲ್ಲಿ ಬಿಯರ್ ಅಂಗಡಿ ಇಟ್ಟುಕೊಂಡಿದ್ದ, 1633ರಲ್ಲಿ ತೀರಿಕೊಂಡ. ಒಲೆಯ ಯಂತ್ರದ ಬಗ್ಗೆ ಅವನು ಪುಸ್ತಕ ಬರೆದು ಹೋಗಲಿಲ್ಲ. ಅಳಿಯಂದಿರ ಮನೆಯಲ್ಲಿ ಕಂಡವರು ಬರೆದಿಟ್ಟದ್ದರಿಂದ ಅದು ಉಳಿಯಿತು. ಥರ್ಮೋಸ್ಟಾಟ್ ಅನ್ನೋ ಹೆಸರು ಬಂದದ್ದಂತೂ 1830ರಲ್ಲಿ, ಆಂಡ್ರ್ಯೂ ಯೂರ್‌ನ ಪೇಟೆಂಟಿನಿಂದ.

ಈ ಸಲ ಸೆನ್ಸರನ್ನು ನೀರು ತುಂಬಿದ ಸಣ್ಣ ಬಾಟಲಿಯೊಳಗೆ ಇಳಿಸಿ, ಬಾಟಲಿಯನ್ನು ತತ್ತಿಗಳ ನಡುವೆಯೇ ಇಟ್ಟಿದ್ದೇವೆ. ಅವ್ವ 12 ತತ್ತಿ ಕೊಟ್ಟರು, ಉಳಿದವನ್ನು ಕೋಳಿಗೇ ಬಿಟ್ಟರು. ಇವತ್ತಿಗೆ ಒಂಬತ್ತನೇ ದಿನ. ನಿನ್ನೆ ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ನೋಡಿದಾಗ ಏಳರಲ್ಲಿ ಕೆಂಪು ನರ ಕಂಡವು.