ಹಳಿ ಹೋಯಿತು, ದಾರಿ ಉಳಿಯಿತು: ಫ್ಲ್ಯಾಗ್ಲರ್ ಸಾಹುಕಾರನ ಕಥೆ

ಬಸ್ಸಿಗೇ ಅಂತ ಬೇರೆ ದಾರಿ ಮಾಡಬೇಕಾದರೆ ಮೊದಲು ಬೇಕಾದದ್ದು ಬಸ್ಸಲ್ಲ, ಜಾಗ. ಇದನ್ನು ಹುಬ್ಬಳ್ಳಿ-ಧಾರವಾಡದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2018ರಲ್ಲಿ ಅವಳಿ ನಗರದ ನಡುವೆ ತ್ವರಿತ ಬಸ್ಸು ಓಡಲು ಶುರುವಾಯಿತಲ್ಲ, ಅದಕ್ಕೂ ಮುಂಚೆ ರಸ್ತೆ ಅಗಲ ಮಾಡುವ ಹೆಸರಿನಲ್ಲಿ ಮರಗಳು ಉರುಳಿದ್ದು, ಗೋಡೆಗಳು ಬಿದ್ದದ್ದು ಎಲ್ಲರಿಗೂ ನೆನಪಿದೆ.

ಆದರೆ ದೂರದ ಅಮೆರಿಕದಲ್ಲಿ, ಫ್ಲಾರಿಡಾ ರಾಜ್ಯದ ಮಯಾಮಿ ಪಟ್ಟಣದ ದಕ್ಷಿಣಕ್ಕೆ 20 ಮೈಲಿ ಉದ್ದದ ಬಸ್ ದಾರಿಯೊಂದಿದೆ. ಅಲ್ಲಿ ಹೊಸದಾಗಿ ದಾರಿ ಬಿಡಿಸುವ ಪ್ರಮೇಯವೇ ಬರಲಿಲ್ಲ. ಹೆಚ್ಚು ಕಡಿಮೆ ನೂರು ವರ್ಷ ಮೊದಲೇ ಒಬ್ಬ ಸಾಹುಕಾರ ಆ ಜಾಗವನ್ನು ಗುರುತು ಹಾಕಿ, ದಿಣ್ಣೆ ಏರಿಸಿ, ಹಳಿ ಹಾಸಿ ಇಟ್ಟು ಹೋಗಿದ್ದ. ಹೆಸರು ಹೆನ್ರಿ ಮಾರಿಸನ್ ಫ್ಲ್ಯಾಗ್ಲರ್. ಬಸ್ಸಿನ ಕಥೆ ತಿಳಿಯಬೇಕಾದರೆ ಮೊದಲು ಈ ಆಸಾಮಿಯ ಕಥೆ ತಿಳಿಯಬೇಕು.

ಉಪ್ಪಿನಲ್ಲಿ ಸೋತು ಎಣ್ಣೆಯಲ್ಲಿ ಗೆದ್ದವ

ಹುಟ್ಟಿದ್ದು 1830ರ ಜನವರಿ 2ರಂದು, ನ್ಯೂಯಾರ್ಕ್ ರಾಜ್ಯದ ಹೋಪ್‌ವೆಲ್‌ನಲ್ಲಿ. ತಂದೆ ಪಾದ್ರಿ, ಮನೆಯಲ್ಲಿ ಬಡತನ. 14ನೇ ವಯಸ್ಸಿಗೆ ಶಾಲೆ ಬಿಟ್ಟು ಒಹೈಯೋ ರಾಜ್ಯದಲ್ಲಿದ್ದ ನೆಂಟರ ಅಂಗಡಿಗೆ ದುಡಿಯಲು ಹೊರಟ. ಅಲ್ಲಿ ಕಾಳುಕಡಿಯ ವ್ಯಾಪಾರ ಕಲಿತ. ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ಉಪ್ಪಿಗೆ ಬೇಡಿಕೆ ಬಂತು ನೋಡಿ, ಮಿಷಿಗನ್ ರಾಜ್ಯಕ್ಕೆ ಹೋಗಿ ಇದ್ದ ಹಣವನ್ನೆಲ್ಲ ಉಪ್ಪಿಗೆ ಸುರಿದ. ಯುದ್ಧ ನಿಂತಿತು, ಬೆಲೆ ಬಿತ್ತು. ಹಾಕಿದ 50,000 ಡಾಲರ್ ಮುಳುಗಿ, ಮೇಲೆ ಅಷ್ಟೇ ಸಾಲ ಕೊರಳಿಗೆ ಬಿತ್ತು.

ಇನ್ನೊಬ್ಬನಾಗಿದ್ದರೆ ಕೈಚೆಲ್ಲಿ ಕೂರುತ್ತಿದ್ದ. ಈತ 1867ರಲ್ಲಿ ಹಳೆಯ ಪರಿಚಯದ ಜಾನ್ ರಾಕ್‌ಫೆಲ್ಲರನ ಎಣ್ಣೆ ವ್ಯಾಪಾರಕ್ಕೆ ಪಾಲುದಾರನಾಗಿ ಸೇರಿದ. 1870ರಲ್ಲಿ ಅದೇ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯಾಯಿತು. ಕಂಪನಿಯಲ್ಲಿ ಫ್ಲ್ಯಾಗ್ಲರನ ಕೈಚಳಕ ಇದ್ದದ್ದು ರೈಲು ಬಾಡಿಗೆಯಲ್ಲಿ. ದಿನವೂ ಇಷ್ಟು ಸರಕು ಕೊಡುತ್ತೇವೆ, ಬಾಡಿಗೆಯಲ್ಲಿ ಇಷ್ಟು ಬಿಡಿ ಅಂತ ರೈಲಿನವರೊಂದಿಗೆ ಗುಟ್ಟಿನ ಕರಾರು. ಎದುರಾಳಿಗಳು ಪೂರ್ತಿ ಬಾಡಿಗೆ ಕಟ್ಟಿ ಸೊರಗಿದರು, ಇವರು ಕೊಬ್ಬಿದರು. ರೈಲು ಅಂದರೆ ಏನು, ಅದು ಯಾರನ್ನು ಬದುಕಿಸುತ್ತದೆ, ಯಾರನ್ನು ಕೊಲ್ಲುತ್ತದೆ ಅನ್ನೋದು ಈತನಿಗೆ ಅಲ್ಲೇ ತಿಳಿದುಹೋಯಿತು.

ಹೋಟೆಲಿಗಾಗಿ ರೈಲು

ಮೊದಲ ಹೆಂಡತಿ ಮೇರಿ 1881ರಲ್ಲಿ ತೀರಿಕೊಂಡಳು. 1883ರಲ್ಲಿ ಎರಡನೇ ಮದುವೆ. ಹೊಸ ಹೆಂಡತಿ ಐಡಾ ಅಲಿಸ್ ಜತೆ ಚಳಿಗಾಲ ಕಳೆಯಲು ಫ್ಲಾರಿಡಾದ ಸೇಂಟ್ ಆಗಸ್ಟೀನ್‌ಗೆ ಹೋದ. ಹವೆ ಚೆನ್ನಾಗಿತ್ತು, ತಂಗಲು ಒಳ್ಳೇ ಜಾಗವಿರಲಿಲ್ಲ. ಸರಿ, ತಾನೇ ಒಂದು ಅರಮನೆಯಂಥ ಹೋಟೆಲು ಕಟ್ಟಿಸಿದ. 1888ರಲ್ಲಿ ಬಾಗಿಲು ತೆರೆಯಿತು. ಹೋಟೆಲಿಗೆ ಜನ ಬರಬೇಕಲ್ಲ? ಅಲ್ಲಿದ್ದ ಬಡಕಲು ನ್ಯಾರೋಗೇಜ್ ರೈಲನ್ನು ಆಗಲೇ ಕೊಂಡಿದ್ದ. ಅದನ್ನು ಅಗಲ ಹಳಿಗೆ ಬದಲಾಯಿಸಿದ. ಹೋಟೆಲಿಗಾಗಿ ರೈಲು, ರೈಲಿಗಾಗಿ ಮತ್ತೊಂದು ಹೋಟೆಲು, ಹೀಗೆ ಸಮುದ್ರದ ಬದಿಯಲ್ಲೇ ದಕ್ಷಿಣಕ್ಕೆ ಇಳಿಯುತ್ತ ಹೋದ. 1893ರಲ್ಲಿ ರಾಜ್ಯ ಸರ್ಕಾರ ಹಳಿ ಹಾಕಿದ ಒಂದೊಂದು ಮೈಲಿಗೆ 8,000 ಎಕರೆ ಭೂಮಿ ಕೊಡುವುದಾಗಿ ಒಪ್ಪಿತು. ಪುಕ್ಕಟೆ ಧರ್ಮಕ್ಕೆ ಯಾರು ತಾನೇ ರೈಲು ಬಿಡುತ್ತಾರೆ ಸ್ವಾಮಿ?

1894-95ರ ಚಳಿಗಾಲದಲ್ಲಿ ಫ್ಲಾರಿಡಾದ ಕಿತ್ತಳೆ ತೋಟಗಳೆಲ್ಲ ಹಿಮಕ್ಕೆ ಕರಟಿಹೋದವು. ತೀರಾ ದಕ್ಷಿಣದಲ್ಲಿ, ಮಯಾಮಿ ಹೊಳೆಯ ದಂಡೆಯಲ್ಲಿ ಮಾತ್ರ ಹಸಿರು ಉಳಿದಿತ್ತು. ಅಲ್ಲಿನ ಜಮೀನಿನ ಒಡತಿ ಜೂಲಿಯಾ ಟಟಲ್ ಎಂಬ ವಿಧವೆ. ಆಕೆ ಕಿತ್ತಳೆ ಹೂವಿನ ಗೊಂಚಲು ಕಳಿಸಿ ಫ್ಲ್ಯಾಗ್ಲರನ ಮನಸ್ಸು ಗೆದ್ದಳು ಅಂತ ಜನ ಕಥೆ ಕಟ್ಟಿದ್ದಾರೆ. ಹೂವಿನ ಮಾತು ಹೇಗೂ ಇರಲಿ, ಆಕೆ ತನ್ನ ಜಮೀನಿನಲ್ಲಿ ದೊಡ್ಡ ಪಾಲು ಬಿಟ್ಟುಕೊಡಲು ಒಪ್ಪಿದ್ದು ಮಾತ್ರ ನಿಜ. 1896ರ ಏಪ್ರಿಲ್‌ನಲ್ಲಿ ರೈಲು ಮಯಾಮಿ ತಲುಪಿತು. ಜುಲೈ 28ಕ್ಕೆ ಮಯಾಮಿ ನಗರವೆಂದು ಘೋಷಣೆಯಾಯಿತು. ಅಂದು ಮತ ಹಾಕಿದವರಲ್ಲಿ ಸುಮಾರು ಅರ್ಧ ಜನ ಕಪ್ಪು ಜನಾಂಗದ ಕೂಲಿಗಳು. ಮತಕ್ಕೆ ಬೇಕಾದರು, ಊರು ಎದ್ದ ಮೇಲೆ ಅವರಿಗೆ ಸಿಕ್ಕಿದ್ದು ಬೇರೆ ಕೇರಿ.

ಹಣವಿದ್ದವನಿಗೆ ಕಾನೂನೂ ಬಾಗುತ್ತದೆ. ಐಡಾ ಅಲಿಸ್‌ಗೆ ಬುದ್ಧಿ ಭ್ರಮಣೆಯಾಗಿ ಆಸ್ಪತ್ರೆ ಸೇರಿದಳು. ಆಗಿನ ಕಾನೂನಿನಲ್ಲಿ ಅದಕ್ಕೆ ವಿಚ್ಛೇದನ ಇರಲಿಲ್ಲ. 1901ರಲ್ಲಿ ಫ್ಲಾರಿಡಾ ಶಾಸನಸಭೆ ಹೊಸ ಕಾನೂನನ್ನೇ ಮಾಡಿತು. ಅದೇ ವರ್ಷ ಆಗಸ್ಟಿನಲ್ಲಿ 71ರ ಸಾಹುಕಾರ ಮೇರಿ ಲಿಲಿ ಕೆನನ್‌ಳನ್ನು ಮದುವೆಯಾದ. 1905ರಲ್ಲಿ ಆ ಕಾನೂನು ರದ್ದಾಯಿತು. ಅರ್ಥ ಓದುಗರೇ ಮಾಡಿಕೊಳ್ಳಲಿ.

ಸಮುದ್ರದ ಮೇಲೆ ಹಳಿ

1904ಕ್ಕೆ ಹಳಿ ಮಯಾಮಿಯಿಂದ ಹೋಮ್‌ಸ್ಟೆಡ್ ಎಂಬ ಬೇಸಾಯದ ಊರಿಗೆ ಇಳಿಯಿತು. ನೆನಪಿಡಿ, ಇವತ್ತಿನ ಬಸ್ ದಾರಿ ಇದೇ ತುಂಡು. ಅಷ್ಟಕ್ಕೆ ಮುದುಕ ತೃಪ್ತನಾಗಲಿಲ್ಲ. ಪನಾಮಾ ಕಾಲುವೆ ಬರುತ್ತದೆ, ಕ್ಯೂಬಾದ ವ್ಯಾಪಾರ ಕುದುರುತ್ತದೆ ಅಂತ ದ್ವೀಪದಿಂದ ದ್ವೀಪಕ್ಕೆ ಸೇತುವೆ ಹಾಕಿ ಕೀ ವೆಸ್ಟ್ ತನಕ ರೈಲು ಒಯ್ಯಲು 1905ರಲ್ಲಿ ಕೆಲಸ ಶುರು ಮಾಡಿಸಿದ. ಹುಚ್ಚು ಅಂದವರೇ ಹೆಚ್ಚು. 1906ರ ಚಂಡಮಾರುತ ನೂರಕ್ಕೂ ಹೆಚ್ಚು ಕೂಲಿಗಳನ್ನು ನುಂಗಿತು. 1909 ಮತ್ತು 1910ರಲ್ಲಿ ಮತ್ತೆ ಬಿರುಗಾಳಿ. ಕೂಲಿಗಳನ್ನು ಕರೆತಂದು ಬಿಟ್ಟು ಹೋಗದಂತೆ ದುಡಿಸಿಕೊಂಡರು ಎಂಬ ಕೇಸೂ ಆಯಿತು. 1908ರಲ್ಲಿ ಅದು ಕೋರ್ಟಿನಲ್ಲಿ ನಿಲ್ಲಲಿಲ್ಲ. ಎರಡು ಕೋಟಿ ಡಾಲರಿಗೂ ಮೇಲೆ ಸುರಿದ ಮೇಲೆ 1912ರ ಜನವರಿ 22ರಂದು ಮೊದಲ ರೈಲು ಕೀ ವೆಸ್ಟ್ ಮುಟ್ಟಿತು. ಒಳಗೆ ಕೂತಿದ್ದ ಫ್ಲ್ಯಾಗ್ಲರನಿಗೆ ಆಗ 82 ವರ್ಷ, ಕಣ್ಣು ಮಂಜಾಗಿತ್ತು. ಮರುವರ್ಷ ಮನೆಯ ಮೆಟ್ಟಿಲಿನಿಂದ ಬಿದ್ದು ಏಳಲಿಲ್ಲ. 1913ರ ಮೇ 20ರಂದು ಕಣ್ಣು ಮುಚ್ಚಿದ.

ಮುಂದೇನಾಯಿತು ನೋಡಿ. 1935ರ ಸೆಪ್ಟೆಂಬರ್ ಚಂಡಮಾರುತಕ್ಕೆ 400ಕ್ಕೂ ಹೆಚ್ಚು ಜನ ಸತ್ತರು. ಜನರನ್ನು ಕರೆತರಲು ಹೋದ ರೈಲಿನ ಡಬ್ಬಿಗಳೇ ಹಳಿಯಿಂದ ಉರುಳಿದವು. ಮೊದಲೇ ದಿವಾಳಿಯಲ್ಲಿದ್ದ ಕಂಪನಿಗೆ ಸಮುದ್ರದ ಹಳಿಯನ್ನು ಮತ್ತೆ ಕಟ್ಟುವ ಶಕ್ತಿಯಿರಲಿಲ್ಲ. ಆ ಭಾಗವನ್ನು ಸರ್ಕಾರಕ್ಕೆ ಮಾರಿತು. ಅದೇ ಸೇತುವೆಗಳ ಮೇಲೆ 1938ಕ್ಕೆ ಮೋಟಾರು ರಸ್ತೆ ಬಂತು. ಕಿತ್ತ ಹಳಿಗಳನ್ನೇ ಅಲ್ಲಲ್ಲಿ ರಸ್ತೆಯಂಚಿನ ಕಟಕಟೆಗೆ ಬಳಸಿದರು. ರೈಲು ದಾರಿ ರಸ್ತೆಯಾದ ಮೊದಲ ಸರದಿ ಇದು.

ಎರಡನೇ ಸರದಿ

ಹೋಮ್‌ಸ್ಟೆಡ್ ಕಡೆಯ ಒಳನಾಡಿನ ಹಳಿ ಇನ್ನೂ ಕೆಲವು ಕಾಲ ಬದುಕಿತ್ತು. ಕ್ರಮೇಣ ಅದೂ ಕೆಲಸವಿಲ್ಲದೆ ಬಿತ್ತು. 1984ರಲ್ಲಿ ಮಯಾಮಿಯ ಮೆಟ್ರೋ ರೈಲು ಇದೇ ಕಾರಿಡಾರಿನ ಉತ್ತರ ಭಾಗ ಹಿಡಿದು ಡೇಡ್‌ಲ್ಯಾಂಡ್ ತನಕ ಬಂದು ನಿಂತಿತು. ಅಲ್ಲಿಂದಾಚೆಗೆ ಖಾಲಿ ಪಟ್ಟಿ. ಅದನ್ನು ತುಂಡು ಮಾಡಿ ಮಾರಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮಾರಲಿಲ್ಲ, ಸರ್ಕಾರ ಕೊಂಡು ಇಟ್ಟುಕೊಂಡಿತು. 1997ರಲ್ಲಿ ಮೊದಲ 8 ಮೈಲಿ ಬಸ್ ದಾರಿ ತೆರೆಯಿತು. 2007ಕ್ಕೆ ಹೋಮ್‌ಸ್ಟೆಡ್ ದಾಟಿ ಫ್ಲಾರಿಡಾ ಸಿಟಿ ಮುಟ್ಟಿತು.

ಆದರೆ ಬರೀ ಡಾಂಬರು ಹಾಕಿದರೆ ಬಸ್ಸು ರೈಲಾಗುತ್ತದೆಯೇ? ಅಡ್ಡರಸ್ತೆ ಬಂದಲ್ಲೆಲ್ಲ ಕೆಂಪು ದೀಪಕ್ಕೆ ಕಾಯಬೇಕು. ಕಾರಿನವನಿಗಿಂತ ಏನು ಮುಂದಾದಂತಾಯಿತು? 2002ರಲ್ಲಿ ಮಯಾಮಿ-ಡೇಡ್ ಜಿಲ್ಲೆಯ ಮತದಾರರು ಸಾರಿಗೆಗಾಗಿ ಅರ್ಧ ಸೆಂಟಿನ ಹೆಚ್ಚುವರಿ ಮಾರಾಟ ತೆರಿಗೆಗೆ ಒಪ್ಪಿಗೆ ಕೊಟ್ಟಿದ್ದರು. ಮೆಟ್ರೋ ಬೆಳೆಯುತ್ತದೆ ಎಂಬ ಭರವಸೆ ಅದರ ಹಿಂದಿತ್ತು. ದಕ್ಷಿಣದ ಜನ ವರ್ಷಗಟ್ಟಲೆ ತೆರಿಗೆ ಕಟ್ಟಿದರು, ರೈಲು ಬರಲಿಲ್ಲ. 2018ರ ಆಗಸ್ಟಿನಲ್ಲಿ ಸಾರಿಗೆ ಮಂಡಳಿ ಮತಕ್ಕೆ ಹಾಕಿ, ರೈಲು ಬೇಡ, ತ್ವರಿತ ಬಸ್ಸೇ ಸಾಕು ಅಂದಿತು. ಖರ್ಚು ಬಹಳ ಕಡಿಮೆ, ಬೇಗ ಆಗುತ್ತದೆ ಎಂಬುದು ಮಂಡಳಿಯ ವಾದ. ಮಾತು ಕೊಟ್ಟದ್ದು ರೈಲಿಗಲ್ಲವೇ ಎಂಬುದು ಜನರ ತಕರಾರು. ಎರಡರಲ್ಲೂ ಹುರುಳಿದೆ. ಬೇಗ ಆಗುತ್ತದೆ ಅಂದದ್ದು ಕೂಡ 2025ರ ಅಕ್ಟೋಬರ್‌ಗೆ ಬಂತು.

ಹೊಸ ಯೋಜನೆಯಲ್ಲಿ 14 ನಿಲ್ದಾಣ. ಬಸ್ಸಿನ ನೆಲಕ್ಕೆ ಸಮನಾದ ಕಟ್ಟೆ, ಹತ್ತುವ ಮೊದಲೇ ಟಿಕೆಟ್ಟು. ಎಲ್ಲಕ್ಕಿಂತ ಮುಖ್ಯ, ಅಡ್ಡರಸ್ತೆಗಳಲ್ಲಿ ರೈಲ್ವೆ ಗೇಟಿನಂಥ ಗೇಟು. ಬಸ್ಸು ಬಂದಾಗ ಅದು ಬೀಳಬೇಕು, ಕಾರುಗಳು ನಿಲ್ಲಬೇಕು. ಹಳಿ ಹೋದ ದಾರಿಗೆ ಗೇಟು ಮರಳಿತು ಅನ್ನಿ. ತ್ವರಿತ ಬಸ್ಸಿನ ಮರ್ಯಾದೆ ಇರುವುದೇ ಅದರಲ್ಲಿ. ಗೇಟು ಬೀಳದಿದ್ದರೆ ಅದು ಬಣ್ಣ ಬಳಿದ ಸಿಟಿ ಬಸ್ಸು, ಅಷ್ಟೇ.

ಫ್ಲ್ಯಾಗ್ಲರ್ ದೇವತಾ ಮನುಷ್ಯನೇನಲ್ಲ. ಆತನ ದಾರಿಯಲ್ಲಿ ಕೂಲಿಗಳ ಹೆಣ ಬಿದ್ದಿದೆ, ಬಾಗಿದ ಕಾನೂನು ಇದೆ, ಲಾಭದ ಲೆಕ್ಕವಿದೆ. ಆತ ಯಾರನ್ನೂ ಕೇಳಬೇಕಾಗಿರಲಿಲ್ಲ, ಅದಕ್ಕೇ ಬೇಗ ಮುಗಿಸಿದ. ಜನರ ಸರ್ಕಾರ ಕೇಳಿಯೇ ಮಾಡಬೇಕು, ತಡವಾಗುತ್ತದೆ, ಆಗಲಿ. ಆದರೆ ತೆರಿಗೆ ಎತ್ತುವಾಗ ಒಂದು ಮಾತು, ಕಟ್ಟುವಾಗ ಇನ್ನೊಂದು ಮಾತು ಆಡಬಾರದು. ಇನ್ನು ಸಾಹುಕಾರನ ಹೋಟೆಲಿನ ವೈಭವ ಹೋಯಿತು, ಕ್ಯೂಬಾದ ಕನಸು ಹೋಯಿತು. ಹೋಮ್‌ಸ್ಟೆಡ್ ಕಡೆಯ ದುಡಿಯುವ ಜನಕ್ಕೆ ಉಳಿದದ್ದು ಆ ಉದ್ದನೆಯ ಭೂಮಿಯ ಪಟ್ಟಿ ಒಂದೇ. ಯಾವ ಊರಿನಲ್ಲೇ ಆಗಲಿ, ಸತ್ತ ರೈಲಿನ ಜಾಗ ಕಂಡರೆ ಸೈಟು ಹಂಚಲು ಓಡಬೇಡಿ. ಒಮ್ಮೆ ತುಂಡಾದ ದಾರಿಯನ್ನು ಮತ್ತೆ ಕೂಡಿಸಲು ಹತ್ತು ಫ್ಲ್ಯಾಗ್ಲರರ ಹಣವೂ ಸಾಲದು.