ಕಂಕನಾಡಿಯ ಫಾದರ್ ಮುಲ್ಲರ್

ನವೆಂಬರ್ 1 ಸಕಲ ಸಂತರ ಹಬ್ಬ. 1910ರ ಅದೇ ದಿನ ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ ಗುರು ಆಗಸ್ಟಸ್ ಮುಲ್ಲರ್‌ರವರು ದೈವಾಧೀನರಾದರು. ಬಂಧುಗಳೇ ದೂರವಿಟ್ಟ ರೋಗಿಗಳಿಗೆ ಬಾಗಿಲು ತೆರೆದ ಈ ಗುರುಗಳ ಬಾಳನ್ನು ನಾವು ಇಂದು ಸ್ಮರಿಸೋಣ.

ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತ್ಯದಲ್ಲಿ 1841ರಲ್ಲಿ ಜನಿಸಿದ ಮುಲ್ಲರ್, 1878ರ ಕೊನೆಯ ದಿನ ಯೇಸುಸಭೆಯ ಮೊದಲ ತಂಡದೊಡನೆ ಮಂಗಳೂರಿಗೆ ಬಂದಿಳಿದರು. ಸಂತ ಅಲೋಶಿಯಸ್ ಕಾಲೇಜಿನಲ್ಲಿ ಬೋಧಿಸುವುದು ಅವರ ಕೆಲಸ. ಹೋಮಿಯೋಪಥಿ ಬಲ್ಲ ಅವರು ವಿದ್ಯಾರ್ಥಿಗಳಿಗೂ ಬಡವರಿಗೂ ಗುಳಿಗೆ ಕೊಡತೊಡಗಿದರು. ಅದೇ 1880ರಲ್ಲಿ ಬಡವರ ಔಷಧಾಲಯವಾಗಿ ಬೆಳೆಯಿತು. ಬಂದವರಲ್ಲಿ ಕುಷ್ಠರೋಗಿಗಳೂ ಇದ್ದರು. ಮೊಲೊಕಾಯಿ ದ್ವೀಪದ ಕುಷ್ಠರೋಗಿಗಳ ಸೇವೆಯಲ್ಲಿ ಅದೇ ರೋಗಕ್ಕೆ ತುತ್ತಾಗಿ ದಾಮಿಯನರು ತೀರಿಕೊಂಡದ್ದು 1889ರಲ್ಲಿ. ಮರುವರ್ಷವೇ, 1890ರಲ್ಲಿ, ಮುಲ್ಲರ್ ಕಂಕನಾಡಿಯಲ್ಲಿ ಸಂತ ಜೋಸೆಫರ ಹೆಸರಿನ ಕುಷ್ಠಾಶ್ರಮವನ್ನು ತೆರೆದರು.

ಕುಷ್ಠಕ್ಕೆ ಒಂದು ಸೂಕ್ಷ್ಮಾಣು ಕಾರಣವೆಂಬುದನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿಯೇ ಕಂಡುಹಿಡಿದಿದ್ದರು. ಆದರೆ ಅದನ್ನು ನಾಶಮಾಡುವ ಮದ್ದು ಆಗ ಯಾವ ವೈದ್ಯಪದ್ಧತಿಯಲ್ಲಿಯೂ ಇರಲಿಲ್ಲ. ಮುಲ್ಲರ್ ಕೊಡಬಹುದಾಗಿದ್ದುದು ಸೂರು, ಅನ್ನ, ಶುಶ್ರೂಷೆ ಮತ್ತು ಮಾನವರೆಂಬ ಮರ್ಯಾದೆ. ಇಂದು ಮದ್ದಿದೆ. 1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಬಹುಔಷಧ ಚಿಕಿತ್ಸೆಯಿಂದ ಆರು ತಿಂಗಳು ಅಥವಾ ಒಂದು ವರ್ಷದಲ್ಲಿ ಕುಷ್ಠ ಗುಣವಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಮದ್ದಿಗಿಂತಲೂ ನಿಧಾನವಾಗಿ ಕರಗುತ್ತಿರುವುದು ನಾಚಿಕೆ ಮತ್ತು ಭಯ. ರೋಗವನ್ನು ಬಚ್ಚಿಟ್ಟವರ ನರಗಳು ಕೆಟ್ಟು, ಕೈಕಾಲು ಊನವಾಗುತ್ತವೆ.

ಆದುದರಿಂದ ರಸೆಲ್ ಮಾರುಕಟ್ಟೆಯ ಸುತ್ತಮುತ್ತ ವಾಸಿಸುವ ನಮ್ಮ ಕುಟುಂಬಗಳು ಕೆಲವು ಗುರುತುಗಳನ್ನು ತಿಳಿದಿರಬೇಕು. ಮೈಬಣ್ಣಕ್ಕಿಂತ ತಿಳಿಯಾದ ಅಥವಾ ಕೆಂಪಾದ ಮಚ್ಚೆ, ತುರಿಕೆಯಿಲ್ಲ, ಮುಟ್ಟಿದರೆ ಅರಿವಾಗುವುದಿಲ್ಲ ಎಂದಾದರೆ ಕುಷ್ಠವೆಂದು ಶಂಕಿಸಬೇಕು. ಹಾಲಿನಂತೆ ಬಿಳುಪಾಗಿದ್ದು ಸ್ಪರ್ಶದ ಅರಿವು ಉಳಿದಿದ್ದರೆ ಅದು ಬಹುತೇಕ ತೊನ್ನು. ಅದು ಅಂಟುವುದೇ ಇಲ್ಲ. ಬೆರಳ ಸಂದುಗಳಲ್ಲಿ ಗುಳ್ಳೆಯೆದ್ದು ರಾತ್ರಿ ತುರಿಕೆ ಹೆಚ್ಚಿದರೆ ಕಜ್ಜಿ. ಕಣ್ಣಿಗೆ ಸುಲಭವಾಗಿ ಕಾಣದ ನುಸಿ ಅದಕ್ಕೆ ಕಾರಣ. ಒಬ್ಬರಿಗೆ ಮಾತ್ರ ಮುಲಾಮು ಹಚ್ಚಿದರೆ ಸಾಲದು. ಮನೆಮಂದಿಯೆಲ್ಲರೂ ಒಂದೇ ದಿನ ಹಚ್ಚಿಕೊಂಡು ಬಟ್ಟೆಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಉಂಗುರದಂತೆ ಅಂಚು ಕೆಂಪೇರಿ ಹರಡುವುದು ಹುಳುಕಡ್ಡಿ. ಅದಕ್ಕೆ ವೈದ್ಯರನ್ನು ಕೇಳದೆ ಸ್ಟಿರಾಯ್ಡ್ ಬೆರೆತ ಮುಲಾಮನ್ನು ಅಂಗಡಿಯಿಂದ ತಂದು ಹಚ್ಚಿದರೆ ಮೊದಲು ತುರಿಕೆ ಅಡಗಿದಂತೆ ತೋರಿ, ಬಳಿಕ ರೋಗ ಇನ್ನೂ ವಿಸ್ತಾರವಾಗುತ್ತದೆ. ಮೀನು, ಹೂವು, ತರಕಾರಿಗಳ ನಡುವೆ ದಿನವಿಡೀ ಕೈ ಒದ್ದೆಯಾಗಿರುವವರು ಬೆರಳ ಸಂದುಗಳನ್ನು ಒರೆಸಿ ಒಣಗಿಸಿಕೊಳ್ಳುವುದು ಒಳ್ಳೆಯದು. ಯಾವುದೇ ಶಂಕೆಯಿದ್ದರೂ ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ಮಾರುಕಟ್ಟೆಗೆ ಸಮೀಪದಲ್ಲಿಯೇ ಇದೆ.

ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯಿದೆಯಲ್ಲಿಯೂ ಸಂಗಾತಿಯ ಕುಷ್ಠ ವಿಚ್ಛೇದನಕ್ಕೆ ಒಂದು ಕಾರಣವಾಗಿತ್ತು. ಸಂಸತ್ತು ಅದನ್ನು ತೆಗೆದುಹಾಕಿದ್ದು 2019ರಲ್ಲಿ. ಕಾನೂನು ಕೈಬಿಟ್ಟ ಭೇದವನ್ನು ನಮ್ಮ ಮನೆಗಳು ಇನ್ನೂ ಉಳಿಸಿಕೊಳ್ಳುವುದು ಸಲ್ಲದು. ಮಗಳ ಮದುವೆಗೆ ಅಡ್ಡಿಯಾದೀತೆಂದು ಮಚ್ಚೆಯನ್ನು ಮರೆಮಾಚುವ ತಾಯ್ತಂದೆಯರು, ತಮಗೆ ತಿಳಿಯದೆಯೇ ಮಗಳ ಕೈಬೆರಳುಗಳನ್ನು ಪಣಕ್ಕಿಡುತ್ತಾರೆ.

ಮುಲ್ಲರ್ ತೆರೆದ ಪುಟ್ಟ ಔಷಧಾಲಯ ಇಂದು ವೈದ್ಯಕೀಯ ಕಾಲೇಜುಗಳುಳ್ಳ ದೊಡ್ಡ ಸಂಸ್ಥೆಯಾಗಿದೆ. ಮದ್ದಿಲ್ಲದ ಕಾಲದಲ್ಲಿ ಅವರು ರೋಗಿಯನ್ನು ದೂರವಿಡಲಿಲ್ಲ. ಮದ್ದಿರುವ ಈ ಕಾಲದಲ್ಲಿ ರೋಗಿಯ ಜೊತೆಗೂಡಿ ಆಸ್ಪತ್ರೆಯವರೆಗೆ ನಡೆಯುವುದಷ್ಟೇ ನಮಗೆ ಉಳಿದಿರುವ ಕೆಲಸ.