ಧರ್ಮಪೀಠದಿಂದ ಬಲಪಂಥದ ದನಿ: ಎಜ್ರಾ ಟಾಫ್ಟ್ ಬೆನ್ಸನ್

ಅಮೆರಿಕದ ಯೂಟಾ ರಾಜ್ಯ ರಿಪಬ್ಲಿಕನ್ ಪಕ್ಷದ ಭದ್ರಕೋಟೆಯೆಂದೇ ಪ್ರಸಿದ್ಧ. ಆದರೆ ಮಾರ್ಮನ್ ಪಂಥದ ಈ ನೆಲೆವೀಡು 1932ರಿಂದ 1948ರವರೆಗಿನ ಐದೂ ಅಧ್ಯಕ್ಷೀಯ ಚುನಾವಣೆಗಳಲ್ಲಿ ಡೆಮಾಕ್ರಟಿಕ್ ಪಕ್ಷದ ರೂಸ್‌ವೆಲ್ಟ್ ಹಾಗೂ ಟ್ರೂಮನ್ ಅವರನ್ನೇ ಆರಿಸಿತ್ತು. ರೂಸ್‌ವೆಲ್ಟ್ ಅವರ ನೀತಿಗಳನ್ನು ಪಂಥದ ಅಧ್ಯಕ್ಷರೇ ವಿರೋಧಿಸಿದ್ದರೂ ಮತದಾರರು ಕಿವಿಗೊಟ್ಟಿರಲಿಲ್ಲ. ಮುಂದೆ ಆ ಜನರ ಒಲವು ಬಲಕ್ಕೆ ಹೊರಳಿದಾಗ, ಆ ಹೊರಳುವಿಕೆಯ ಅತ್ಯಂತ ಗಟ್ಟಿ ದನಿಯಾಗಿದ್ದವರು ಎಜ್ರಾ ಟಾಫ್ಟ್ ಬೆನ್ಸನ್.

ಐಡಹೊ ರಾಜ್ಯದ ವಿಟ್ನಿ ಎಂಬ ಹಳ್ಳಿಯಲ್ಲಿ 1899ರ ಆಗಸ್ಟ್ 4ರಂದು ಅವರ ಜನನ. ರೈತ ಕುಟುಂಬದ ಹನ್ನೊಂದು ಮಕ್ಕಳಲ್ಲಿ ಅವರೇ ಹಿರಿಯರು. ಕೃಷಿ ಅರ್ಥಶಾಸ್ತ್ರ ಓದಿ, ರೈತರ ಸಹಕಾರ ಸಂಘಗಳಲ್ಲಿ ದುಡಿದು ಹೆಸರಾದ ಅವರನ್ನು 1943ರಲ್ಲಿ ಪಂಥವು ತನ್ನ ಹನ್ನೆರಡು ಮಂದಿ ಅಪೊಸ್ತಲರಲ್ಲಿ ಒಬ್ಬರನ್ನಾಗಿ ನೇಮಿಸಿತು. ಮಹಾಯುದ್ಧದ ತರುವಾಯ 1946ರಲ್ಲಿ ಯುರೋಪಿನ ಭಗ್ನ ನಗರಗಳಲ್ಲಿ ಸಂಚರಿಸಿ ಆಹಾರ, ಬಟ್ಟೆ ಹಂಚಿದ್ದು ಅವರ ಬದುಕಿನ ಉಜ್ವಲ ಅಧ್ಯಾಯ.

ಅಧ್ಯಕ್ಷ ಐಸೆನ್‌ಹೋವರ್ ತಮ್ಮ ಸಂಪುಟದ ಕೃಷಿ ಖಾತೆಗೆ ಆಹ್ವಾನಿಸಿದಾಗ ಬೆನ್ಸನ್ ಪಂಥದ ಅಧ್ಯಕ್ಷ ಡೇವಿಡ್ ಮೆಕೇ ಅವರ ಒಪ್ಪಿಗೆ ಪಡೆದೇ ಮುಂದುವರಿದರು. ಅಪೊಸ್ತಲ ಪದವಿಯನ್ನು ಬಿಡದೆ 1953ರಿಂದ 1961ರವರೆಗೆ ಸಚಿವರಾಗಿದ್ದರು. ಬೆಂಬಲ ಬೆಲೆಯ ಹೊರೆಯಿಂದ ಸರಕಾರದ ಉಗ್ರಾಣಗಳು ತುಂಬಿ ತುಳುಕುತ್ತಿದ್ದ ಕಾಲವದು. ಆ ಬೆಲೆಯನ್ನು ಇಳಿಸಲು ಹೊರಟ ಅವರ ಮೇಲೆ 1957ರಲ್ಲಿ ದಕ್ಷಿಣ ಡಕೋಟದಲ್ಲಿ ಮೊಟ್ಟೆಗಳು ಬಿದ್ದವು. ಸ್ವಪಕ್ಷೀಯರೇ ರಾಜೀನಾಮೆ ಕೇಳಿದರೂ ಅವರು ಜಗ್ಗಲಿಲ್ಲ. ಭಾರತದ ಪಡಿತರಕ್ಕೆ ಅಮೆರಿಕದ ಗೋಧಿ ತಂದ ಪಿಎಲ್-480 ಕಾನೂನು ಜಾರಿಯಾದದ್ದು ಅವರ ಅವಧಿಯಲ್ಲೇ, 1954ರಲ್ಲಿ. ಸರಕಾರಿ ನೆರವನ್ನು ಒಪ್ಪದ ಸಚಿವರ ಉಗ್ರಾಣದ ಧಾನ್ಯ ಹಾಗೆ ಸಾಗರ ದಾಟಿತು.

ಈ ಹಟದ ಬೇರು ಇದ್ದದ್ದು ಅವರ ಶ್ರದ್ಧೆಯಲ್ಲಿ. ಆಯ್ಕೆಯ ಸ್ವಾತಂತ್ರ್ಯ ಮನುಷ್ಯನಿಗೆ ದೇವರಿತ್ತ ವರ, ಅಮೆರಿಕದ ಸಂವಿಧಾನ ದೈವಪ್ರೇರಿತ ಎಂಬುದು ಮಾರ್ಮನ್ ನಂಬಿಕೆ. ಬೆನ್ಸನ್ ಅದನ್ನು ರಾಜಕೀಯ ಸಿದ್ಧಾಂತವಾಗಿಸಿದರು. ಸರಕಾರದ ಹಸ್ತಕ್ಷೇಪ ಸಮಾಜವಾದಕ್ಕೂ, ಸಮಾಜವಾದ ಕಮ್ಯುನಿಸಮ್ಮಿಗೂ ದಾರಿಯೆಂದು ಅವರು ಬಗೆದರು.

ಸಚಿವ ಪದವಿ ಮುಗಿದ ಮೇಲೆ ಅವರು ಉಗ್ರ ಕಮ್ಯುನಿಸ್ಟ್ ವಿರೋಧಿ ಸಂಘಟನೆಯಾದ ಜಾನ್ ಬರ್ಚ್ ಸೊಸೈಟಿಯನ್ನು ಬಹಿರಂಗವಾಗಿ ಹೊಗಳತೊಡಗಿದರು. ಅದರ ಸ್ಥಾಪಕ ರಾಬರ್ಟ್ ವೆಲ್ಚ್ ಐಸೆನ್‌ಹೋವರ್ ಅವರನ್ನೇ ಕಮ್ಯುನಿಸ್ಟರ ಕೈಗೊಂಬೆಯೆಂದು ದೂಷಿಸಿದ್ದರು! ಬೆನ್ಸನ್ ಸದಸ್ಯತ್ವ ಪಡೆಯಲಿಲ್ಲವಾದರೂ ಮಗ ರೀಡ್ 1962ರಲ್ಲಿ ಯೂಟಾ ಘಟಕದ ಸಂಯೋಜಕರಾದರು. ಮರುವರ್ಷದ ಜನವರಿಯಲ್ಲಿ ಪಂಥದ ವರಿಷ್ಠರು ಆ ಸಂಘಟನೆಯೊಂದಿಗೆ ತಮಗೆ ಸಂಬಂಧವಿಲ್ಲವೆಂದು ಪ್ರಕಟಿಸಬೇಕಾಯಿತು. ಅದೇ ವರ್ಷದ ಕೊನೆಗೆ ಬೆನ್ಸನ್ ಅವರನ್ನು ಧರ್ಮಕಾರ್ಯಕ್ಕಾಗಿ ಯುರೋಪಿಗೆ ಕಳುಹಿಸಲಾಯಿತು. ಅದು ಗಡೀಪಾರೆಂದೇ ಅನೇಕರು ತಿಳಿದರು.

ಹಿಂದಿರುಗಿದ ಮೇಲೂ ಅವರು ಬದಲಾಗಲಿಲ್ಲ. ಕರಿಯರ ನಾಗರಿಕ ಹಕ್ಕುಗಳ ಚಳವಳಿಯ ಹಿಂದೆ ಕಮ್ಯುನಿಸ್ಟರ ಸಂಚಿದೆಯೆಂದು 1967ರಲ್ಲಿ ಪಂಥದ ಮಹಾಸಭೆಯಲ್ಲೇ ಸಾರಿದರು. ಕರಿಯ ಪುರುಷರಿಗೆ ಯಾಜಕತ್ವ ನಿರಾಕರಿಸುವ ನಿಯಮವಿದ್ದ, ಅದು 1978ರವರೆಗೂ ಉಳಿದ ಪಂಥದ ವೇದಿಕೆಯಿಂದ ಬಂದ ಆ ಮಾತು ಉಂಟುಮಾಡಿದ ಗಾಯ ಸಣ್ಣದಲ್ಲ. 1968ರಲ್ಲಿ ಜನಾಂಗೀಯ ಪ್ರತ್ಯೇಕತಾವಾದಿ ಜಾರ್ಜ್ ವಾಲೆಸ್ ಅವರನ್ನು ತಮ್ಮ ಉಪಾಧ್ಯಕ್ಷ ಅಭ್ಯರ್ಥಿಯಾಗಿಸಲು ಬಯಸಿದಾಗ ಮೆಕೇ ತಡೆದರು. ಆ ಚುನಾವಣೆಯಲ್ಲಿ ಯೂಟಾ ನಿಕ್ಸನ್ ಅವರನ್ನು ಆರಿಸಿತು. ಅಲ್ಲಿಂದೀಚೆಗೆ 2024ರವರೆಗೂ ಆ ರಾಜ್ಯ ಒಮ್ಮೆಯೂ ಡೆಮಾಕ್ರಟಿಕ್ ಅಭ್ಯರ್ಥಿಯನ್ನು ಆರಿಸಿಲ್ಲ.

ಹಿರಿತನದ ಕ್ರಮದಂತೆ 1985ರ ನವೆಂಬರಿನಲ್ಲಿ ಬೆನ್ಸನ್ ಪಂಥದ ಅಧ್ಯಕ್ಷರಾದಾಗ, ಧರ್ಮಪೀಠವೇ ಪಕ್ಷದ ಕಚೇರಿಯಾದೀತೆಂದು ಹಲವರು ಅಂಜಿದ್ದರು. ಹಾಗಾಗಲಿಲ್ಲ. 86ರ ಇಳಿವಯಸ್ಸಿನ ಬೆನ್ಸನ್ ರಾಜಕೀಯವನ್ನು ಬಹುಮಟ್ಟಿಗೆ ಬದಿಗಿರಿಸಿ, ಮಾರ್ಮನ್ ಗ್ರಂಥದ ಪಾರಾಯಣವನ್ನೇ ಎಲ್ಲೆಡೆ ಬೋಧಿಸಿದರು. ಮನೆ ಮನೆಯಲ್ಲಿ ನಿತ್ಯ ಆ ಗ್ರಂಥ ಓದುವ ರೂಢಿಗೆ ಬಲ ಬಂದದ್ದು ಅವರಿಂದ.

ಕೊನೆಯ ವರ್ಷಗಳಲ್ಲಿ ಅವರ ಆರೋಗ್ಯ ಕೆಟ್ಟಿತು. ಅಜ್ಜನಿಗೆ ಪಂಥ ನಡೆಸುವ ಶಕ್ತಿ ಉಳಿದಿಲ್ಲವೆಂದು 1993ರಲ್ಲಿ ಬಹಿರಂಗಪಡಿಸಿದ ಮೊಮ್ಮಗ, ವ್ಯಂಗ್ಯಚಿತ್ರಕಾರ ಸ್ಟೀವ್ ಬೆನ್ಸನ್ ಅದೇ ವರ್ಷ ಪಂಥವನ್ನೇ ತೊರೆದರು. 1994ರ ಮೇ 30ರಂದು, 94ನೆಯ ವಯಸ್ಸಿನಲ್ಲಿ ಬೆನ್ಸನ್ ನಿಧನರಾದರು. ನಾಲ್ಕು ವರ್ಷಗಳ ಬಳಿಕ ಪಂಥದ ಹಿರಿಯ ಅಧಿಕಾರಿ ಮಾರ್ಲಿನ್ ಜೆನ್ಸನ್, ಒಳ್ಳೆಯ ಮಾರ್ಮನ್ನರು ಡೆಮಾಕ್ರಟ್ಟರೂ ಆಗಿರಬಹುದೆಂದು ಪತ್ರಿಕೆಯೊಂದರ ಮೂಲಕ ತಮ್ಮವರಿಗೆ ತಿಳಿಹೇಳಬೇಕಾಯಿತು.